ಬಡಗಿ ಅಳೆಯದ ಬಾಗಿಲು

"ನಿಧಾನ, ಮೂಲೆ ತಗಲುತ್ತೆ" ಎಂದು ಮೈದುನ ಹೇಳುವಷ್ಟರಲ್ಲಿ ಚಿತ್ರ ಬಾಗಿಲಿಗೆ ಬಡಿದಾಗಿತ್ತು. ಓರೆ ಮಾಡಿದರು, ಅಡ್ಡ ಹಿಡಿದರು, ತಲೆಕೆಳಗು ಮಾಡಿದರು. ಜಪ್ಪಯ್ಯ ಅಂದರೂ ಅದು ಕೋಣೆಯಿಂದಾಚೆ ಬರಲಿಲ್ಲ.

ಮುಂದಿನ ಕೋಣೆಯಲ್ಲಿ ಬಡಗಿಯ ದೇಹ ಮಲಗಿತ್ತು. ಬೀದಿಯಲ್ಲಿ ಸರ್ಕಾರದ ಲಾರಿ ನಿಂತಿತ್ತು. ಬಡಗಿಯ ಹೆಂಡತಿ ಬರೆದ ಚಿತ್ರ ರಾಷ್ಟ್ರೀಯ ಕಲಾ ಪ್ರಶಸ್ತಿಯ ಕೊನೆಯ ಸುತ್ತಿಗೆ ಬಂದಿತ್ತು; ಇವತ್ತು ಲಾರಿ ಹತ್ತದಿದ್ದರೆ ಸ್ಪರ್ಧೆಯಿಂದಲೇ ಔಟು. ಗೋಡೆ ಅಳೆದು, ಕೋಣೆಯೊಳಗೇ ಚೌಕಟ್ಟು ಕಟ್ಟಿಕೊಟ್ಟವನು ಬಡಗಿ. ಊರಿಗೆಲ್ಲ ಬಾಗಿಲು ಮಾಡಿಕೊಟ್ಟ ಪುಣ್ಯಾತ್ಮ ತನ್ನ ಮನೆಯ ಬಾಗಿಲನ್ನೇ ಅಳೆದಿರಲಿಲ್ಲ. ಅವಳಿಗೋ ಬಣ್ಣದ ಗುಂಗು. ಗಂಡ ಹೆಂಡತಿ ಇಬ್ಬರೂ ಒಂದೇ ಅಚ್ಚು.

ಸತ್ತವರನ್ನು ಮನೆಯಲ್ಲಿಟ್ಟುಕೊಂಡು ಇದೆಂಥ ಹುಚ್ಚು ಎಂದು ಬಡಗಿಯ ದೊಡ್ಡಮ್ಮ ಗೊಣಗಿದಳು. ಮೈದುನನಿಗೂ ಸಾಕಾಗಿತ್ತು.

"ಬಿಟ್ಬಿಡಿ ಅತ್ತಿಗೆ. ಮುಂದಿನ ವರ್ಷ ಕಳಿಸಿದ್ರಾಯ್ತು."

"ಮುಂದಿನ ವರ್ಷ ಚೌಕಟ್ಟು ಕಟ್ಟೋಕೆ ನಿಮ್ಮಣ್ಣ ಎಲ್ಲಿರ್ತಾರೆ?"

* * *

ಎಡವಟ್ಟು ಗೊತ್ತಾದ ದಿನ ಅವಳು ಗೋಳೋ ಎಂದು ಅತ್ತಿದ್ದಳು. ಬಡಗಿ ಬಾಗಿಲನ್ನೊಮ್ಮೆ, ಚಿತ್ರವನ್ನೊಮ್ಮೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

"ನೀನು ಬಣ್ಣ ಮುಗಿಸು ಕಣೇ. ಆಚೆ ತರೋದು ನನ್ನ ಕೆಲಸ."

ಆಮೇಲೆ ಅವಳು ಕುಂಚ ಹಿಡಿದಾಗೆಲ್ಲ ಅವಳ ಬೆನ್ನ ಹಿಂದೆ, ಗೋಡೆಯುದ್ದದ ಕಿಟಕಿಯ ಹತ್ತಿರ ಟಕ್ ಟಕ್ ಎನ್ನಿಸುತ್ತ ಕೂತಿರುತ್ತಿದ್ದ. ಏನ್ರೀ ಅದು ಅಂದರೆ ಕಿಟಕಿ ಕಿರುಗುಟ್ಟುತ್ತೆ ಅನ್ನುತ್ತಿದ್ದ. ತಲೆ ಚಿಟ್ಟು ಹಿಡಿದು ಅವಳು ಗದರಿದ್ದೂ ಉಂಟು. ನಿನ್ನೆ ಚಿತ್ರದ ಅಂಚಿಗೆ ಕೊನೆಯ ನೀಲಿ ಬಳಿಯುತ್ತಿದ್ದಾಗ ಆ ಸದ್ದು ನಿಂತಿತು. ಸದ್ಯ, ಮುಗೀತಲ್ಲ ಎಂದು ತಿರುಗಿದಳು. ಬಡಗಿ ಎದೆ ಹಿಡಿದುಕೊಂಡು ಗೋಡೆಗೆ ಒರಗಿದ್ದ.

* * *

ಈಗ ಅವಳು ಎದ್ದು ಆ ಕಿಟಕಿಯ ಸುತ್ತ ಬೆರಳಾಡಿಸಿದಳು. ಗಾರೆಯೇ ಇರಲಿಲ್ಲ. ಸಂದಿನ ತುಂಬ ಮರದ ಬೆಣೆಗಳು. ಮೇಲೆ ಗೊತ್ತಾಗದಂತೆ ಗೋಡೆಯ ಬಣ್ಣ. ಅವನ ಸುತ್ತಿಗೆ ಕೆಳಗೇ ಬಿದ್ದಿತ್ತು. ಎತ್ತಿಕೊಂಡು ಒಂದೊಂದೇ ಬೆಣೆ ಹೊಡೆದಳು. ಸರಳುಗಳ ಸಮೇತ ಇಡೀ ಕಿಟಕಿ ಕಳಚಿ, ಹೊರಗೆ ನಿಂತವರ ಕೈಗೆ ಸಲೀಸಾಗಿ ಬಂತು. ಗೋಡೆಯಲ್ಲಿ ಚಿತ್ರ ಹಿಡಿಸುವಷ್ಟು ಆಕಾಶ.

"ಅಯ್ಯೋ ಕಳ್ಳ, ನನ್ನಿಂದ ಬೈಸ್ಕೊಂಡು ಮಾಡಿದ್ದು ಇದಾ?" ಎಂದು ಅವಳು ನಕ್ಕಳು, ನಗುತ್ತಲೇ ಅತ್ತಳು.

ಬಡಗಿಗೆ ಹೆಗಲು ಕೊಡಲು ಬಿಳಿ ಅಂಗಿ ತೊಟ್ಟು ಬಂದಿದ್ದ ಮೈದುನ ಮತ್ತು ಮೂವರು ಗೆಳೆಯರು ಮೊದಲು ಚಿತ್ರಕ್ಕೆ ಹೆಗಲು ಕೊಟ್ಟರು. ಬೀದಿಯವರು ಅದನ್ನು ನೋಡಿದ್ದು ಆಗಲೇ: ಮರದ ಹೊಟ್ಟಿನಲ್ಲಿ ಮುಳುಗಿದ ಎರಡು ಭಾರಿ ಕೈಗಳು. ಯಾರ ಕೈ ಎಂದು ಯಾರೂ ಕೇಳಲಿಲ್ಲ. ಗೊಣಗಿದ್ದ ದೊಡ್ಡಮ್ಮನೇ ಮೊದಲು ಚಪ್ಪಾಳೆ ತಟ್ಟಿದಳು, ಆಮೇಲೆ ಇಡೀ ಬೀದಿ. ಲಾರಿಯ ಚಾಲಕ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಚಿತ್ರ ಲಾರಿ ಹತ್ತಿದ ಮೇಲೆ ಮೈದುನ ತನ್ನ ಅಂಗಿ ನೋಡಿಕೊಂಡ. ಅಂಚಿನ ನೀಲಿ ಇನ್ನೂ ಒಣಗಿರಲಿಲ್ಲ, ನಾಲ್ವರಿಗೂ ಮೆತ್ತಿಕೊಂಡಿತ್ತು. ಬೇರೆ ಅಂಗಿ ಹಾಕಿಕೊಂಡು ಬರುತ್ತೇವೆ ಎಂದು ಸಂಕೋಚದಿಂದ ಹೇಳಿದ.

"ಬೇಡ. ಹಾಗೇ ಎತ್ತಿ" ಎಂದಳು ಅತ್ತಿಗೆ.

ನಾಲ್ಕು ನೀಲಿ ಹೆಗಲುಗಳು ಬಾಗಿ ಬಡಗಿಯನ್ನು ಎತ್ತಿಕೊಂಡವು.