ನೆಗೆಟಿವ್ ಬಂತಂತೆ

ಗಂಡ ಹೊಲಿಗೆ ಮೆಷಿನ್ನಿನ ಮೇಲೆ, ಹೆಂಡತಿ ಕತ್ತರಿಸುವ ಮೇಜಿನ ಮುಂದೆ. ಆ ಟೈಲರ್ ಅಂಗಡಿ ಮದುವೆಯಾದಂದಿನಿಂದ ನಡೆದದ್ದೇ ಹೀಗೆ. ಗಿರಾಕಿಗಳು ಅವಳನ್ನು ಕತ್ತರಿಯಕ್ಕ ಎನ್ನುತ್ತಿದ್ದರು. ಗಂಡನ ಕೈಗೆ ಕತ್ತರಿ ಕೊಟ್ಟರೆ ಪ್ಯಾಂಟು ಚಡ್ಡಿಯಾಗುತ್ತದೆ ಎಂದು ಅವನ ಕಾಲೆಳೆಯುತ್ತಿದ್ದರು.

ಅವಳ ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಈ ವಯಸ್ಸಿಗೆ ಎಲ್ಲರಿಗೂ ಇರುವುದೇ ಎಂದರು ಅತ್ತೆ. ಆಪರೇಷನ್ ಮಾಡಿ ಗರ್ಭಕೋಶ ತೆಗೆದ ಮೇಲೆ ಗೊತ್ತಾಯಿತು, ಅದು ಗರ್ಭಕೋಶದ ಸ್ನಾಯುವಿನಲ್ಲಿ ಹುಟ್ಟುವ ಕ್ಯಾನ್ಸರು. ಅಪರೂಪದ್ದು, ಬೇಗ ಹರಡುವಂಥದ್ದು. ಹಾರ್ಮೋನ್ ರಿಸೆಪ್ಟರ್ ಪರೀಕ್ಷೆಯೊಂದು ಬಾಕಿ ಇದೆ, ಅದು ಬರಲಿ, ಮಾತಾಡೋಣ ಎಂದರು ಡಾಕ್ಟರಮ್ಮ. ಹಾಗೆಂದರೇನು ಎಂದು ಕೇಳಲು ಗಂಡನಿಗೆ ಬಾಯಿ ಬರಲಿಲ್ಲ.

ರಿಪೋರ್ಟು ಅವನ ಫೋನಿಗೆ ಬಂತು. ಎರಡು ಸಾಲು, ಎರಡರ ಮುಂದೆಯೂ ನೆಗೆಟಿವ್. ಮೆಷಿನ್ ಬಿಟ್ಟೆದ್ದು ಗಿರಾಕಿಗಳ ಎದುರಿಗೇ ಸಂತೋಷಕ್ಕೆ ಅತ್ತುಬಿಟ್ಟ. ನೆಗೆಟಿವ್ ಬಂತಂತೆ ಎಂಬ ಸುದ್ದಿ ಬೀದಿ ತುಂಬ ಓಡಾಡಿತು. ಸಂಜೆ ನಾದಿನಿ ಕೇಕು ಹಿಡಿದು ಬಂದಳು. ಊಟದ ಮಧ್ಯೆ ಅತ್ತೆ ಖುಷಿಯಲ್ಲಿ ನಾಲಿಗೆ ಸಡಿಲ ಬಿಟ್ಟರು.

"ಈಗ ಹೇಳಿದ್ರೆ ನಗ್ತೀಯ. ಇವನಿಗೆ ಒಬ್ಬಳನ್ನ ಆಗಲೇ ನೋಡಿಟ್ಟಿದ್ದೆ. ಗಂಡ ಸತ್ತವಳು, ಕಟಿಂಗ್ ಚೆನ್ನಾಗಿ ಬರುತ್ತೆ."

ನಾದಿನಿ ಬಿದ್ದು ಬಿದ್ದು ನಕ್ಕಳು. ಕತ್ತರಿಯಕ್ಕನೂ ನಕ್ಕಳು. ಗಂಡ ಮಾತ್ರ ತಟ್ಟೆಯಿಂದ ತಲೆ ಎತ್ತಲಿಲ್ಲ.

"ನೀವು ನೋಡಿದ್ರಾ ಅವಳನ್ನ?" ಎಂದು ಕತ್ತರಿಯಕ್ಕ ಅವನನ್ನು ಕೇಳಿದಳು.

"ಒಂದೇ ಸಲ," ಎಂದ.

ಜೀವ ಉಳಿಯಿತಲ್ಲ ಎಂಬ ಸಡಗರದಲ್ಲಿ ಅವಳು ಅದನ್ನೂ ಹೊಟ್ಟೆಗೆ ಹಾಕಿಕೊಂಡಳು.

ಮುಂದಿನ ವಾರ ಇಬ್ಬರೂ ಆಸ್ಪತ್ರೆಗೆ ಹೋದಾಗ ಗಂಡ ಡಾಕ್ಟರಮ್ಮನಿಗೆ ಕೈ ಮುಗಿದ. ಆಕೆಗೆ ಮೊದಲು ಏನೂ ತಿಳಿಯಲಿಲ್ಲ. ತಿಳಿದ ಮೇಲೆ ಕುರ್ಚಿ ಮುಂದಕ್ಕೆಳೆದು ಕೂತು ನಿಧಾನವಾಗಿ ಬಿಡಿಸಿ ಹೇಳಿದರು. ಹಾರ್ಮೋನು ಬಂದು ಅಂಟುವ ಜಾಗ ಈ ಕ್ಯಾನ್ಸರಿನ ಕಣಗಳ ಮೇಲೆ ಇದ್ದರೆ ರೋಗ ಎಷ್ಟೋ ಸಲ ಸ್ವಲ್ಪ ನಿಧಾನ, ಮಾತ್ರೆಯಿಂದ ತಡೆ ಹಾಕಿ ನೋಡಲೂ ಆಗುತ್ತದೆ. ಇವಳಲ್ಲಿ ಆ ಜಾಗವೇ ಇಲ್ಲ. ಶ್ವಾಸಕೋಶಕ್ಕೂ ಹರಡಿದೆ. ಕೀಮೋ ಕೊಡಬಹುದು, ಸ್ವಲ್ಪ ಕಾಲ ಸಿಕ್ಕೀತು.

"ಇಲ್ಲಿ ನೆಗೆಟಿವ್ ಅನ್ನೋದು ಒಳ್ಳೆ ಸುದ್ದಿ ಅಲ್ಲಮ್ಮ."

ದಾರಿಯಲ್ಲಿ ಗಂಡ, ಅಮ್ಮನಿಗೆ ಈಗಲೇ ಹೇಳುವುದು ಬೇಡ ಎಂದ.

"ಹೇಳಿ. ಅವಳನ್ನೂ ಬರಹೇಳಿ. ಕತ್ತರಿಸೋ ಕೋಟುಗಳು ರಾಶಿ ಬಿದ್ದಿವೆ."

ಚುಚ್ಚಲೆಂದೇ ಹೇಳಿದ ಮಾತು ಅದು. ಮಗನ ಬಾಯಿಂದ ಕೇಳಿದ ಅತ್ತೆ ಅದನ್ನೇ ಅಪ್ಪಣೆ ಎಂದುಕೊಂಡು ಅಂದೇ ಫೋನು ಮಾಡಿದರು.

ಆ ಹೆಂಗಸು ಬಂದಳು. ಮಾತು ಕಡಿಮೆ, ಕೈ ಚುರುಕು. ಕೀಮೋದಿಂದ ಕತ್ತರಿಯಕ್ಕನ ಬೆರಳುಗಳು ಮರಗಟ್ಟಿದ್ದವು. ಸ್ಟೂಲಿನ ಮೇಲೆ ಕೂತು, ಯಾವ ಗಿರಾಕಿಯ ಭುಜ ಎತ್ತ ವಾಲಿದೆ ಎಂದು ಹೇಳಿಕೊಡುತ್ತಿದ್ದಳು. ಒಂದು ಮಧ್ಯಾಹ್ನ ಗಂಡ ನೂಲು ತರಲು ಹೋದಾಗ ಆ ಹೆಂಗಸು ಕೇಳಿದಳು.

"ಅಕ್ಕ, ಎಷ್ಟು ದಿನ ಅಂದಿದ್ದಾರೆ?"

"ವರ್ಷ ದಾಟೋದು ಕಷ್ಟ ಅಂತೆ. ಯಾಕೆ?"

"ನಾನಿರೋ ಬಾಡಿಗೆ ಮನೆ ಬಿಡಬೇಕಲ್ಲ. ಓನರಿಗೆ ಮುಂಚೆ ಹೇಳಬೇಕು."

ಕತ್ತರಿಯಕ್ಕನಿಗೆ ಸಿಟ್ಟೇ ಬರಲಿಲ್ಲ. ಮುಖಕ್ಕೆ ಮುಖ ಕೊಟ್ಟು ಕೇಳಿದವಳು ಇವಳೊಬ್ಬಳೇ, ಗಂಡನಿಗೆ ಅಷ್ಟೂ ಆಗಿರಲಿಲ್ಲ. ಅಂದಿನಿಂದ ಗಂಡನ ಜೊತೆ ಮಾತು ನಿಲ್ಲಿಸಿದಳು. ನೀರು ಬೇಕಾದರೂ ಆ ಹೆಂಗಸನ್ನೇ ಕರೆಯುತ್ತಿದ್ದಳು. ಅವನು ಹಾಸಿಗೆಯ ಪಕ್ಕ ಕೂತರೆ ಗೋಡೆಯತ್ತ ತಿರುಗುತ್ತಿದ್ದಳು.

ಹಾಸಿಗೆಯಿಂದ ಏಳಲಾಗದ ಸ್ಥಿತಿ ಬಂದಾಗ, ಇನ್ನೇನು ಮುಗಿಯಿತೆಂದು ಆ ಹೆಂಗಸು ತನ್ನ ಬಾಡಿಗೆ ಮನೆ ಖಾಲಿ ಮಾಡಿದಳು. ಕತ್ತರಿಯಕ್ಕ ಇನ್ನೂ ಬದುಕಿದ್ದಳು. ಪೆಟ್ಟಿಗೆಗಳು, ಸುತ್ತಿದ ಹಾಸಿಗೆ, ಡಬ್ಬಗಳು ನಡುಮನೆಯಲ್ಲಿ ಬಂದು ಬಿದ್ದವು, ಮಲಗಿದಲ್ಲಿಂದ ನೇರ ಕಾಣುವ ಹಾಗೆ. ಗಂಡ ಕೋಣೆಯ ಬಾಗಿಲು ಮುಂದೆ ಮಾಡಲು ಬಂದ. ಅವಳು ಬೇಡವೆಂದು ಕೈಯಾಡಿಸಿ, ಬಹಳ ದಿನಗಳ ಮೇಲೆ ಅವನೊಡನೆ ಮಾತಾಡಿದಳು.

"ನನ್ನ ಬೀರು ಖಾಲಿ ಮಾಡಿಕೊಡಿ ಅವಳಿಗೆ. ನಾನು ನೋಡ್ತಿರಬೇಕು."

ಅವನು ಒಂದೊಂದೇ ಬಟ್ಟೆ ಹೊರತೆಗೆದ. ಅವಳು ಕಣ್ಣು ಮಿಟುಕಿಸದೆ ಪೂರ್ತಿ ನೋಡಿದಳು. ಆ ವಾರವೇ ತೀರಿಕೊಂಡಳು.