ರಾಮರಣ್ಣನ ಡೀಸೆಲ್ ಡ್ರಮ್ಮು

ನಮ್ಮ ಕಂಬಂ ಊರಿನ ರಾಮರಣ್ಣ ಯಾರನ್ನೂ ನಂಬುವ ಆಸಾಮಿಯಲ್ಲ. ಊರ ಬಂಕಿನವರು ಡೀಸೆಲ್‌ಗೆ ನೀರು ಬೆರೆಸುತ್ತಾರೆಂದು ಅವರಿಗೆ ಗುಮಾನಿ. ಅದಕ್ಕೇ ಆಂಡಿಪಟ್ಟಿಯ ಗುರುತಿನ ಬಂಕಿನಿಂದ ಒಟ್ಟಿಗೇ ತಂದು, ದ್ರಾಕ್ಷಿ ತೋಟದ ಹಳೇ ಡ್ರಮ್ಮಿನಲ್ಲಿ ತುಂಬಿಟ್ಟು, ಕಾರಿಗೆ ಅದನ್ನೇ ಹಾಕುತ್ತಿದ್ದರು.

ಅವರ ಹೆಂಡತಿ ಮೂಕಮ್ಮಾಳ್‌ಗೆ ಕಿಡ್ನಿ ತೊಂದರೆ. ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ತೇನಿಯ ಆಸ್ಪತ್ರೆಗೆ ಹೋಗಲೇಬೇಕು, ತಪ್ಪಿದರೆ ಜೀವಕ್ಕೇ ಅಪಾಯ. ಹೋದ ತಿಂಗಳಿಂದ ಕಾರು ಕೈಕೊಡತೊಡಗಿತು. ಬೆಳಿಗ್ಗೆ ಬೇಗ ಸ್ಟಾರ್ಟ್ ಆಗದು. ನಿಂತಲ್ಲೇ ಗಡಗಡ ನಡುಗುತ್ತದೆ. ಏರಿನಲ್ಲಿ ಎಳೆಯದು, ಹಿಂದೆ ಕರಿ ಹೊಗೆ ಬೇರೆ.

"ಪಕ್ಕದ ಮನೆ ತಂಗರಾಜ್ ಏನೋ ಮಾಡವ್ನೆ. ನಮ್ ವಂಡಿ ಪಕ್ಕದಲ್ಲೇ ತಾನೆ ಅವ್ನ ವಂಡಿ ನಿಲ್ಸೋದು?" ಎಂದು ರಾಮರಣ್ಣ ಟ್ಯಾಂಕಿನ ಮುಚ್ಚಳಕ್ಕೆ ಬೀಗ ಜಡಿದರು.

ಮಂಗಳವಾರ ಚಿನ್ನಮನೂರಿನ ಹತ್ತಿರ ಕಾರು ನಿಂತೇಹೋಯಿತು. ಮೂಕಮ್ಮಾಳ್ ಬಸ್ಸಿನಲ್ಲಿ ನಿಂತುಕೊಂಡೇ ತೇನಿ ಸೇರಿದರು. ಕಾರನ್ನು ಕಟ್ಟಿ ಎಳೆದು ಕಂಬಂಗೆ ತಂದವನು ತಂಗರಾಜನೇ. ಇವನಿಗೇಕೆ ಇಷ್ಟು ಉಪಕಾರಬುದ್ಧಿ ಎಂದು ಅದಕ್ಕೂ ರಾಮರಣ್ಣನಿಗೆ ಅನುಮಾನ.

"ಸರಿ ಮಾಡ್ಸೋ ತನಕ ಈ ವಂಡಿಗೆ ನಾನು ಕಾಲಿಡಲ್ಲ," ಎಂದರು ಮೂಕಮ್ಮಾಳ್. "ನಡುದಾರೀಲಿ ಸಾಯೋಕೆ ನಂಗೆ ಭಯ ಆಗ್ತದೆ."

ರಾಮರಣ್ಣನ ತಂಗಿ ಮಗಳು ಜೆಯಲಕ್ಷ್ಮಿ ಡೀಸೆಲ್ ಮೆಕಾನಿಕ್. ಕಾರನ್ನು ಅವಳ ವರ್ಕ್‌ಶಾಪಿಗೆ ಸೇರಿಸಿ, ರಾಮರಣ್ಣ ಸ್ಟೂಲ್ ಎಳೆದುಕೊಂಡು, ಅವಳ ಕೈಯನ್ನೇ ನೋಡುತ್ತ ಕೂತರು.

"ಇಂಜೆಕ್ಟರ್ ಕೆಟ್ಟಿರ್ಬೇಕು ಮಾಮಾ."

"ಬಿಲ್ ಏರ್ಸೋಕೆ ಹೊಸ ಹೆಸ್ರು ಹೇಳ್ಬೇಡ ತಾಯಿ."

"ದ್ರಾಕ್ಷಿಗೆ ಮದ್ದು ಹೊಡಿಯೋ ನಾಜಲ್‌ನಲ್ಲಿ ಕಸ ಕೂತ್ರೆ ಏನಾಗ್ತದೆ?"

"ತೊಟ್ಟಿಕ್ತದೆ. ಸರಿಯಾಗಿ ಚಿಮ್ಮಲ್ಲ."

"ಇದೂ ಹಂಗೇ. ಇಂಜೆಕ್ಟರ್ ಡೀಸೆಲನ್ನ ಎಂಜಿನ್ ಒಳಕ್ಕೆ ಮಂಜಿನ ತರ ಚಿಮ್ಮಿಸ್ಬೇಕು. ತೊಟ್ಟಿಕ್ಕಿದ್ರೆ ಸರಿಯಾಗಿ ಉರಿಯಲ್ಲ. ಅದಕ್ಕೇ ನಡುಕ, ಕರಿ ಹೊಗೆ."

ಫಿಲ್ಟರ್ ಬದಲಾಯಿಸಿ, ನಾಲ್ಕು ಇಂಜೆಕ್ಟರಿನಿಂದ ಡೀಸೆಲ್ ವಾಪಸ್ ಬರುವ ಕೊಳವೆಗಳಿಗೆ ಒಂದೊಂದು ಬಾಟಲಿ ಸಿಕ್ಕಿಸಿ ಎಂಜಿನ್ ಓಡಿಸಿದಳು. ಮೂರರಲ್ಲಿ ತಳಮಟ್ಟ ಡೀಸೆಲ್ ಬಂತು, ಒಂದು ಮಾತ್ರ ಬೇಗನೆ ತುಂಬಿಹೋಯಿತು. "ಇದು ಡೀಸೆಲನ್ನ ಒಳಗೆ ಕಳಿಸ್ದೆ ವಾಪಸ್ ಬಿಡ್ತದೆ," ಎಂದಳು. ಹಳೇ ಫಿಲ್ಟರನ್ನು ಲೋಟಕ್ಕೆ ಬಗ್ಗಿಸಿದರೆ ನೀರು, ತುಕ್ಕಿನ ಪುಡಿ.

"ನೋಡ್ದ್ಯಾ, ಆಂಡಿಪಟ್ಟಿ ಬಂಕಿನವನ ಕೆಲ್ಸ," ಎಂದರು ರಾಮರಣ್ಣ.

"ನಿಮ್ಮ ಡ್ರಮ್ಮಿನ ತಳದಿಂದ ಒಂದು ಲೋಟ ನೀವೇ ತನ್ನಿ ಮಾಮಾ."

ತಂದು ಪಕ್ಕದಲ್ಲಿಟ್ಟರು. ಅದೇ ನೀರು, ಅದೇ ತುಕ್ಕು. "ಬಂಕಿಂದಲ್ಲ ಮಾಮಾ, ಹಳೇ ಡ್ರಮ್ಮಲ್ಲಿ ಗಾಳಿಯ ತೇವ ನೀರಾಗಿ ತಳದಲ್ಲಿ ನಿಂತು ತುಕ್ಕು ಹಿಡಿದದೆ," ಎಂದಳು. ಊರೆಲ್ಲವನ್ನೂ ಅನುಮಾನಿಸಿದ ರಾಮರಣ್ಣ ತಮ್ಮ ಡ್ರಮ್ಮನ್ನು ಒಂದು ದಿನವೂ ಬಗ್ಗಿ ನೋಡಿರಲಿಲ್ಲ.

ಟ್ಯಾಂಕ್ ತೊಳೆಸಿ, ಕೆಟ್ಟ ಇಂಜೆಕ್ಟರ್ ಬದಲಾಯಿಸಿದರು. ಡ್ರಮ್ಮು ಗುಜರಿಗೆ ಹೋಯಿತು. "ತಪ್ಪು ನಂದೇಪ್ಪಾ," ಎಂದು ತಂಗರಾಜನಿಗೆ ಬಾಯಿಬಿಟ್ಟು ಹೇಳಿದರು. ಶುಕ್ರವಾರ ಮೂಕಮ್ಮಾಳ್ ಹೊತ್ತಿಗೆ ಮುಂಚೆಯೇ ತೇನಿಯಲ್ಲಿದ್ದರು.

ಅಕ್ಕಂದಿರೇ, ಅಣ್ಣಂದಿರೇ, ಕಾರು ನಡುಗಿದರೆ, ಕರಿ ಹೊಗೆ ಬಿಟ್ಟರೆ, ಎಳೆಯದಿದ್ದರೆ ಇವತ್ತೇ ತೋರಿಸಿ. ಹೊತ್ತಿಗೆ ಸರಿಯಾಗಿ ಫಿಲ್ಟರ್ ಬದಲಾಯಿಸಿ. ಡ್ರಮ್ಮಿನ ಡೀಸೆಲ್ ಹಾಕಬೇಡಿ. ನೆರೆಯವರನ್ನು ಆಮೇಲೆ ಅನುಮಾನಿಸಿದರಾಯಿತು. ನಿಮ್ಮನ್ನು ನಂಬಿ ಕಾರು ಹತ್ತುವವರು ಮನೆಯಲ್ಲಿದ್ದಾರೆ.