ಬಿದ್ದು ಬಿದ್ದು ನಗುವವಳು

ಜನ ಬಾಯಿಮಾತಿಗೆ ಹೇಳ್ತಾರೆ, ‘ಬಿದ್ದು ಬಿದ್ದು ನಕ್ವಿ’ ಅಂತ. ಒಬ್ಬರಾದ್ರೂ ಬಿದ್ದಿದ್ದನ್ನ ತೋರಿಸಿ ನೋಡೋಣ! ನಾನು ಬೀಳ್ತೀನಿ. ನಗು ಉಕ್ಕಿತು ಅಂದ್ರೆ ಮೊದಲು ದವಡೆ ಸಡಿಲ, ಆಮೇಲೆ ಕತ್ತು, ಆಮೇಲೆ ಮೊಣಕಾಲು. ಎಚ್ಚರ ತಪ್ಪಲ್ಲ. ಎಲ್ಲಾ ಕೇಳಿಸುತ್ತೆ, ಕಿರುಬೆರಳೂ ಅಲ್ಲಾಡಲ್ಲ ಅಷ್ಟೇ. ಒಂದು ನಿಮಿಷಕ್ಕೆ ಎದ್ದು ಕೂರ್ತೀನಿ.

ಮೊದಲು ಶುರುವಾಗಿದ್ದು ಹಗಲುನಿದ್ದೆ. ಹೊಲಿಗೆ ಮಿಷನ್ ಮುಂದೆ ತೂಕಡಿಸ್ತಿದ್ರೆ ಭಾವ ‘ಕುಂಭಕರ್ಣನ ತಂಗಿ’ ಅನ್ನೋರು. ಅಕ್ಕ ಸುಮ್ಮನಿರ್ತಾಳಾ? ಒಂದು ದಿನ “ಕುಂಭಕರ್ಣನ ತಂಗಿ ಅಂದ್ರೆ ಶೂರ್ಪನಖಿ ಅಲ್ವೇನ್ರೀ? ಸೂಜಿ ಹತ್ರ ಇದೆ, ಮೂಗು ಜೋಪಾನ ಕಣೇ!” ಅಂದ್ಲು. ನಾನು ನಕ್ಕೆ, ಬಿದ್ದೆ. ಮೇಜಿನ ಅಂಚು ತಾಗಿ ಗಲ್ಲಕ್ಕೆ ನಾಲ್ಕು ಹೊಲಿಗೆ.

ಡಾಕ್ಟರು ಹೇಳಿದ್ರು: ಮೆದುಳಲ್ಲಿ ನಿದ್ದೆಗೂ ಎಚ್ಚರಕ್ಕೂ ನಡುವೆ ಒಂದು ಬಾಗಿಲಿದೆ, ನಿಮ್ಮದರ ಚಿಲಕ ಸಡಿಲ, ನಿದ್ದೇಲಿ ಕೈಕಾಲು ಸೋಲೋ ಹಾಗೆ ನಿಮಗೆ ನಗುವಾಗ ಸೋಲುತ್ತೆ. ಮಾತ್ರೆ ಕೊಟ್ರು. ಬೀಳೋದು ಕಮ್ಮಿ ಆಯ್ತು, ನಿಲ್ಲಲಿಲ್ಲ.

ಅವತ್ತಿಂದ ಅಕ್ಕ ತಮಾಷೆ ಬಿಟ್ಲು. ನಡೆದು ಬರೋರ ಚಪ್ಪಲಿ ಸದ್ದಿಗೇ ಅಣಕ ಕಟ್ಟೋಳು, ಈಗ ನನ್ನ ಜೊತೆ ವಾರ್ತೆ ಓದೋರ ಥರ ಮಾತಾಡ್ತಾಳೆ. “ಊಟ ಆಯ್ತಾ? ಮಾತ್ರೆ ತಗೊಂಡ್ಯಾ?” ನಾನು ಕೆಲಸ ಮಾಡೋ ಹೊಲಿಗೆ ಅಂಗಡಿಯಲ್ಲೂ ಅಷ್ಟೇ, ನಾನು ಒಳಗೆ ಕಾಲಿಟ್ರೆ ನಗ್ತಿದ್ದ ಹೆಂಗಸರೆಲ್ಲ ಗಪ್‌ಚುಪ್. ನಾನೇನು ಹೆಣ ಹೊತ್ಕೊಂಡು ಬಂದಿದೀನಾ? ಹೊಟ್ಟೆ ಉರಿಯುತ್ತೆ.

ಮೊನ್ನೆ ಭಾನುವಾರ ಮಧ್ಯಾಹ್ನ ಅಡುಗೆಮನೆಯಿಂದ ಅಕ್ಕ-ಭಾವ ನಗೋದು ಕೇಳಿಸ್ತು. ಅಕ್ಕನ ಹಳೇ ನಗು, ಉಸಿರು ಸಿಕ್ಕದ ನಗು. ಓಡಿ ಹೋದೆ. ನಿಂತುಹೋಯ್ತು. ಭಾವ ಲೋಟ ತೊಳೆಯೋಕೆ ಶುರು ಮಾಡಿದ್ರು.

“ಏನದು? ನಂಗೂ ಹೇಳು.”

“ಏನಿಲ್ಲ ಬಿಡೇ, ಆಫೀಸಿಂದು.”

ರೇಗಿಹೋಯ್ತು. ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ ನೆಲದ ಮೇಲೆ ಕೂತೆ. “ನೋಡು, ಇನ್ನು ಬೀಳೋಕೆ ಜಾಗಾನೇ ಇಲ್ಲ. ಹೇಳೇ ಅಕ್ಕ, ನಿಂಗೆ ಕೈ ಮುಗೀತೀನಿ. ಎರಡು ವರ್ಷ ಆಯ್ತು ನಿನ್ನ ಜೊತೆ ನಕ್ಕು.”

ಅಕ್ಕ ಭಾವನ ಮುಖ ನೋಡಿದ್ಲು. ಆಮೇಲೆ ನನ್ನ ಪಕ್ಕ ಕೂತು, ನನ್ನ ಭುಜ ಬಿಗಿಯಾಗಿ ಹಿಡ್ಕೊಂಡು ಹೇಳಿದ್ಲು: “ನಮ್ಮ ಮ್ಯಾನೇಜರು ಭಾಷಣ ಮಾಡ್ತಿದ್ರು. ಸೀನಿದ್ರು. ಹಲ್ಲಿನ ಸೆಟ್ಟು ಟೀ ಕಪ್ಪಿಗೆ ಬಿತ್ತು. ತೊಳೆದು ಹಾಕ್ಕೊಂಡ್ರು. ಅಷ್ಟೇ.”

ಅಕ್ಕ ಅವರ ಹಾಗೆ ಸೀನಿ ತೋರಿಸಲಿಲ್ಲ, ಬೊಚ್ಚುಬಾಯಿ ಮಾಡಿ ಭಾಷಣ ಅಣಕಿಸಲಿಲ್ಲ. ಬೇಕಂತಲೇ ತಮಾಷೆ ಕೆಡಿಸಿದ್ಲು. ಅಂಥ ಮಾತುಗಾತಿ, ನನಗೋಸ್ಕರ.

ಅವಳು ಉಸಿರು ಹಿಡಿದು ನನ್ನೇ ನೋಡ್ತಿದ್ಲು. ಏನ್ ಮಾಡ್ಲಿ? ಹಹ್ಹಹ್ಹ ಅಂದೆ, ನೆಂಟರ ಮನೇಲಿ ನಗೋ ಹಾಗೆ. ಉಕ್ಕಿ ಬಂದ ನಗು ಅಲ್ವಲ್ಲ, ಕತ್ತು ನೆಟ್ಟಗೇ ಇತ್ತು.

“ಅಯ್ಯೋ, ನೋಡ್ರೀ, ನಕ್ಲು! ಏನೂ ಆಗ್ಲಿಲ್ಲ!” ಅಕ್ಕನ ಕಣ್ಣಲ್ಲಿ ನೀರು. “ವಾಸಿ ಆಯ್ತು ಕಣೇ ನಿಂಗೆ! ಅಮ್ಮಂಗೆ ಫೋನ್ ಮಾಡ್ಲಾ?”

“ಹೂಂ, ಮಾಡು” ಅಂದೆ.